ರಸೀದಿ ಕಳೆದರೆ ಬ್ಯಾಂಕ್ ಕೇಳುವ ಬಾಂಡ್: ಸಹಿ ಹಾಕುವ ಮುಂಚೆ, ಜಾಮೀನು ನಿಲ್ಲುವ ಮುಂಚೆ

ಈ ವಾರ ಬೆಳೆ, ಗೊಬ್ಬರ, ರೋಗ ಯಾವುದೂ ಇಲ್ಲ. ಕಾಗದದ ವಿಷಯ. ಎಫ್‌ಡಿ ರಸೀದಿ, ಡಿಡಿ, ಎಲ್‌ಐಸಿ ಪಾಲಿಸಿ, ಒಡವೆ ಸಾಲದ ಚೀಟಿ, ಉಗ್ರಾಣದ ರಸೀದಿ ಇಂಥದ್ದು ಏನಾದರೂ ಕಳೆದುಹೋದರೆ ‘ಇಂಡೆಮ್ನಿಟಿ ಬಾಂಡ್ ಬರೆದುಕೊಡಿ, ಇಬ್ಬರು ಜಾಮೀನುದಾರರನ್ನ ಕರ್ಕೊಂಡು ಬನ್ನಿ’ ಅಂತಾರಲ್ಲ, ಅದರ ಬಗ್ಗೆ. ನಾನು ಓದಿದ್ದು ತೋಟಗಾರಿಕೆ, ಕಾನೂನಲ್ಲ. ಆದರೆ ಈ ಬಾಂಡಿನ ದೆಸೆಯಿಂದ ನಮ್ಮ ಮನೆಯಲ್ಲಿ ಒಂದು ಮದುವೆಯೇ ಮುಂದಕ್ಕೆ ಹೋಗುವ ಹಾಗಿತ್ತು. ಹಾಗಾಗಿ ಕಲಿಯಲೇಬೇಕಾಯಿತು.

2019ರ ಯುಗಾದಿಗೆ ಇನ್ನೂ ಹದಿನೈದು ದಿನ ಇತ್ತು. ಅಮ್ಮ ಮನೆ ಬಳಿದು ಸಾರಿಸೋಣ ಅಂತ ನಡುಮನೆಯ ಮರದ ಬೀರು ಸರಿಸಿದರು. ಹಿಂದುಗಡೆ ಮಣ್ಣಿನ ಗೋಡೆ, ಬೀರುವಿನ ಬೆನ್ನು ಗೋಡೆಗೆ ಅಂಟಿಕೊಂಡೇ ಇತ್ತು. ಗೆದ್ದಲು ಗೋಡೆಯಿಂದ ನೇರ ಬೀರುವಿಗೆ ಬಂದು, ಕೆಳಗಿನ ಅರೆಯಲ್ಲಿದ್ದ ರೇಷ್ಮೆ ಸೀರೆ ಒಂದು, ಅಪ್ಪನ ಕಾಗದದ ಚೀಲ ಒಂದು, ಎರಡನ್ನೂ ಹಿಟ್ಟು ಮಾಡಿತ್ತು. (ತೋಟದಲ್ಲಿ ಗೆದ್ದಲಿಗೆ ಏನೇನು ಮಾಡಬೇಕು ಅಂತ ಊರಿಗೆಲ್ಲ ಹೇಳುವ ನಾನು, ಬೀರುವನ್ನ ಗೋಡೆಯಿಂದ ನಾಲ್ಕು ಇಂಚು ಈಚೆಗೆ ಇಡಿ ಅಂತ ಸ್ವಂತ ಮನೆಯಲ್ಲಿ ಹೇಳಿರಲಿಲ್ಲ.) ಅಮ್ಮ ಸೀರೆ ನೋಡಿ ಅತ್ತರು. ಆಮೇಲೆ ಅಷ್ಟನ್ನೂ ಗುಡಿಸಿ, ಮೊರಕ್ಕೆ ತುಂಬಿ, ಹಂಡೆ ಒಲೆಗೆ ಹಾಕಿದರು. ಸಂಜೆ ಅಪ್ಪ ತೋಟದಿಂದ ಬಂದು ಚೀಲ ಎಲ್ಲಿ ಅಂದಾಗಲೇ ಗೊತ್ತಾಗಿದ್ದು, ಅದರಲ್ಲಿ 3 ಲಕ್ಷದ ಎಫ್‌ಡಿ ರಸೀದಿ ಇತ್ತು ಅಂತ. ಐದು ವರ್ಷದ ಕೊಬ್ಬರಿ ದುಡ್ಡು. ಅವಧಿ ಮುಗಿಯಕ್ಕೆ ಇಪ್ಪತ್ತು ದಿನ ಬಾಕಿ. ತಂಗಿ ಮದುವೆಗೆ ಛತ್ರದ ಬಾಕಿ ಹಣ ಕೊಡಬೇಕಾದ ದಿನವೂ ಹೆಚ್ಚುಕಡಿಮೆ ಅದೇ.

ಬ್ಯಾಂಕಿಗೆ ಹೋದೆವು. ಮ್ಯಾನೇಜರ್ ಒಳ್ಳೆಯವರೇ. ಕಂಪ್ಯೂಟರ್ ನೋಡಿ ‘ದುಡ್ಡು ಎಲ್ಲೂ ಹೋಗಿಲ್ಲ, ಇದೆ’ ಅಂದರು. ಅಪ್ಪ ಉಸಿರು ಬಿಟ್ಟರು. ಆಮೇಲೆ ಅವರು ಒಂದು ಫಾರಂ ಕೊಟ್ಟು, ಸ್ಟಾಂಪ್ ಪೇಪರ್ ಮೇಲೆ ಹೀಗೆ ಬರೆಸಿ, ನೀವಿಬ್ಬರು ಖಾತೆದಾರರು, ಜೊತೆಗೆ ಇಬ್ಬರು ಜಾಮೀನುದಾರರು ಸಹಿ ಹಾಕಬೇಕು, ಜಾಮೀನುದಾರರ ಪಹಣಿ ತನ್ನಿ ಅಂದರು. ಅಪ್ಪನಿಗೆ ಸಿಟ್ಟು. ‘ನನ್ನ ದುಡ್ಡು, ನಿಮ್ಮ ಹತ್ರಾನೇ ಇದೆ, ನನ್ನ ಮುಖ ಇಪ್ಪತ್ತು ವರ್ಷದಿಂದ ನೋಡಿದೀರ, ಜಾಮೀನು ಯಾತಕ್ಕೆ ಸ್ವಾಮಿ?’

ಯಾತಕ್ಕೆ ಅನ್ನೋದೇ ಇಡೀ ವಿಷಯದ ಬೇರು. ಅದು ಗೊತ್ತಾದರೆ ಮಿಕ್ಕಿದ್ದೆಲ್ಲ ಸಲೀಸು.

ಪಹಣಿ ಕಳೆದರೆ ಯಾರೂ ಬಾಂಡ್ ಕೇಳಲ್ಲ, ಅಲ್ವಾ? ಮೊಬೈಲಿನಲ್ಲೋ ನಾಡಕಚೇರಿಯಲ್ಲೋ ಇನ್ನೊಂದು ತೆಗೀತೀವಿ. ಯಾಕಂದರೆ ಅಸಲು ದಾಖಲೆ ಇರೋದು ಭೂಮಿ ತಂತ್ರಾಂಶದಲ್ಲಿ, ನಮ್ಮ ಕೈಲಿರೋದು ಬರೀ ಪ್ರತಿ. ನೋಂದಣಿ ಆದ ಕ್ರಯಪತ್ರ ಕಳೆದರೂ ಉಪನೋಂದಣಾಧಿಕಾರಿ ಕಚೇರಿಯ ಪುಸ್ತಕದಲ್ಲಿ ಅದು ಇದ್ದೇ ಇರುತ್ತೆ, ಕಾವೇರಿ ಜಾಲತಾಣದಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಬಹುದು. ಪಾಸ್‌ಬುಕ್ ಕಳೆದರೆ ಒಂದಿಷ್ಟು ಶುಲ್ಕ ಕೊಟ್ಟರೆ ಹೊಸದು. ಮಂಡಿಯವರು ಕೊಟ್ಟ ಚೆಕ್ ಕಳೆದರೆ, ಅವರು ಬ್ಯಾಂಕಿಗೆ ಹೇಳಿ ಅದನ್ನ ನಿಲ್ಲಿಸಿ ಇನ್ನೊಂದು ಬರೆದುಕೊಡಬಹುದು.

ಆದರೆ ಕೆಲವು ಕಾಗದ ಹಾಗಲ್ಲ. ಕಾಗದ ಯಾರ ಕೈಯಲ್ಲಿದೆಯೋ ಅವರು ಬಂದು ‘ಕೊಡಿ’ ಅನ್ನಬಹುದಾದ ಕಾಗದ ಅದು. ಉಗ್ರಾಣದಲ್ಲಿ ನೂರು ಚೀಲ ಮೆಕ್ಕೆಜೋಳ ಇಟ್ಟು ವರ್ಗಾಯಿಸಬಹುದಾದ ರಸೀದಿ ತಗೊಂಡಿದೀರಿ ಅಂದ್ಕೊಳ್ಳಿ. ಆ ರಸೀದಿಯ ಬೆನ್ನಿಗೆ ಸಹಿ ಹಾಕಿ ವ್ಯಾಪಾರಿಗೆ ಕೊಟ್ಟರೆ ಜೋಳವೇ ಕೊಟ್ಟ ಹಾಗೆ. ಈಗ ನೀವು ‘ಕಳೆದುಹೋಯ್ತು’ ಅಂತ ಇನ್ನೊಂದು ರಸೀದಿ ಪಡೆದು ಜೋಳ ಬಿಡಿಸಿಕೊಂಡು ಹೋದಿರಿ. ಆರು ತಿಂಗಳಿಗೆ ಯಾರೋ ಹಳೇ ರಸೀದಿ ಹಿಡ್ಕೊಂಡು ಬಂದು ‘ನಾನು ದುಡ್ಡು ಕೊಟ್ಟು ತಗೊಂಡಿದೀನಿ, ನನ್ನ ಜೋಳ ಕೊಡಿ’ ಅಂದರೆ? ಉಗ್ರಾಣದವರು ಎರಡು ಸಲ ಕೊಡಬೇಕಾಗುತ್ತೆ.

ಎರಡು ಸಲ ಕೊಡಬೇಕಾದೀತು ಅನ್ನೋ ಭಯ. ಬಾಂಡ್ ಇರೋದು ಇಷ್ಟಕ್ಕೇ. ‘ಹಳೇ ಕಾಗದ ಹಿಡಿದು ಯಾರಾದರೂ ಬಂದು ನಿಮಗೆ ನಷ್ಟ ಆದರೆ ಆ ನಷ್ಟ ನಾನು ತುಂಬಿಕೊಡ್ತೀನಿ’ ಅಂತ ನೀವು ಬರೆದುಕೊಡೋದು ಇಂಡೆಮ್ನಿಟಿ, ಅಂದರೆ ನಷ್ಟಭರ್ತಿ ಮುಚ್ಚಳಿಕೆ. ‘ಅವನು ತುಂಬದೇ ಇದ್ದರೆ ನಾನು ತುಂಬ್ತೀನಿ’ ಅಂತ ಇನ್ನೊಬ್ಬ ಬರೆಯೋದು ಜಾಮೀನು. 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಮೊದಲನೆಯದು 124ನೇ ಕಲಂ, ಎರಡನೆಯದು 126ನೇ ಕಲಂ. ಬ್ಯಾಂಕಿನ ಫಾರಂನಲ್ಲಿ ಎರಡೂ ಒಂದೇ ಹಾಳೆಯಲ್ಲಿ ಇರುತ್ತವೆ. ಅದಕ್ಕೇ ಜನಕ್ಕೆ ಗೊಂದಲ. ‘ಸಾಕ್ಷಿ ಸಹಿ ಅಷ್ಟೇ ಕಣಣ್ಣ’ ಅಂತ ಹೇಳಿ ಜಾಮೀನಿನ ಜಾಗದಲ್ಲಿ ಸಹಿ ಹಾಕಿಸಿಕೊಂಡಿದ್ದನ್ನ ನಾನೇ ನೋಡಿದೀನಿ. ಸಾಕ್ಷಿ ಬೇರೆ, ಜಾಮೀನು ಬೇರೆ. ಸಾಕ್ಷಿ ಹಾಕಿದವನು ‘ಇವನು ನನ್ನೆದುರು ಸಹಿ ಹಾಕಿದ’ ಅಂತ ಮಾತ್ರ ಹೇಳ್ತಾನೆ. ಜಾಮೀನು ಹಾಕಿದವನು ತನ್ನ ಆಸ್ತಿಯನ್ನ ಒತ್ತೆಗೆ ಒಡ್ಡುತ್ತಾನೆ.

ಕಳೆದ ಹುಂಡಿಗೆ ಬದಲಿ ಕೊಡುವ ಪದ್ಧತಿ ನಮ್ಮ ಕಾನೂನಿನಲ್ಲಿ ತುಂಬಾ ಹಳೆಯದು. 1881ರ ವರ್ಗಾವಣೀಯ ಸಾಧನಗಳ ಕಾಯ್ದೆಯ 45ಎ ಕಲಂ, ಅವಧಿ ಮುಗಿಯುವ ಮುಂಚೆ ಹುಂಡಿ ಕಳೆದುಕೊಂಡವನು ಬರೆದುಕೊಟ್ಟವನಿಂದ ಅಂಥದ್ದೇ ಇನ್ನೊಂದನ್ನ ಕೇಳಬಹುದು ಅನ್ನುತ್ತೆ. ಅದಕ್ಕೆ ಬದಲಾಗಿ, ಹಳೆಯದು ಸಿಕ್ಕಿ ತೊಂದರೆಯಾದರೆ ಅದರ ಹೊಣೆಗೆ ಭದ್ರತೆ ಕೊಡಬೇಕು. ಅಂದರೆ ಬ್ಯಾಂಕಿನವರು ನಮ್ಮನ್ನ ಕಳ್ಳರು ಅಂದ್ಕೊಂಡು ಕೇಳುವುದಲ್ಲ ಇದು. ಅಪ್ಪನಿಗೆ ಇದನ್ನ ಒಪ್ಪಿಸಕ್ಕೆ ನನಗೆ ಎರಡು ದಿನ ಹಿಡಿಯಿತು. ಅಮೆರಿಕದಲ್ಲಿ ಷೇರು ಪತ್ರ ಕಳೆದವರು ಈ ಬಾಂಡನ್ನ ವಿಮಾ ಕಂಪನಿಯಿಂದ ದುಡ್ಡು ಕೊಟ್ಟು ತಗೋತಾರೆ, ಸಾಮಾನ್ಯವಾಗಿ ಷೇರಿನ ಬೆಲೆಯ ಶೇ 2-3ರಷ್ಟು ಪ್ರೀಮಿಯಂ. ನಮ್ಮಲ್ಲಿ ಆ ಜಾಗದಲ್ಲಿ ಚಿಕ್ಕಪ್ಪ, ಭಾವಮೈದ, ಪಕ್ಕದ ಹೊಲದವರು.

ಇನ್ನು ಎಫ್‌ಡಿ ರಸೀದಿ. ಇದು ಮಧ್ಯದ ಜಾತಿ. ಸಾಮಾನ್ಯವಾಗಿ ಅದರ ಮೇಲೆ ‘ವರ್ಗಾಯಿಸಲಾಗದು’ ಅಂತ ಅಚ್ಚಾಗಿರುತ್ತೆ, ಹಣ ಬರೋದೂ ಖಾತೆದಾರರ ಹೆಸರಿಗೇ. ಹಾಗಾದರೆ ಭಯ ಯಾತರದು? ನೀವು ಆ ರಸೀದಿಯನ್ನ ಎಲ್ಲೋ ಸಾಲಕ್ಕೆ ಒತ್ತೆ ಇಟ್ಟಿರಬಹುದು, ಒಬ್ಬ ಖಾತೆದಾರ ಇನ್ನೊಬ್ಬನಿಗೆ ಗೊತ್ತಿಲ್ಲದ ಹಾಗೆ ತೆಗೀತಿರಬಹುದು. ಅಪಾಯ ಸಣ್ಣದು. ಅದಕ್ಕೇ ಎಷ್ಟೋ ಬ್ಯಾಂಕುಗಳು ಸಣ್ಣ ಮೊತ್ತಕ್ಕೆ ಖಾತೆದಾರರ ಬಾಂಡ್ ಮಾತ್ರ ಸಾಕು ಅನ್ನುತ್ತವೆ, ದೊಡ್ಡ ಮೊತ್ತಕ್ಕೆ ಜಾಮೀನು ಕೇಳುತ್ತವೆ. ಎಷ್ಟಕ್ಕೆ ಯಾವುದು ಅನ್ನೋದು ಆಯಾ ಬ್ಯಾಂಕಿನ ಒಳನಿಯಮ. ಅದನ್ನ ಕೇಳುವ ಹಕ್ಕು ನಿಮಗಿದೆ. ‘ಜಾಮೀನು ಬೇಕೇ ಬೇಕಾ, ನಿಮ್ಮ ನಿಯಮದಲ್ಲಿ ಎಷ್ಟು ಮೊತ್ತದ ಮೇಲೆ?’ ಅಂತ ಮೊದಲ ದಿನವೇ ಕೇಳಿ. ಇನ್ನೊಂದು ಪ್ರಶ್ನೆಯನ್ನೂ ಕೇಳಿ: ‘ನಮಗೆ ನಕಲು ರಸೀದಿ ಬೇಡ, ಅವಧಿ ಮುಗಿದ ದಿನ ಹಣವನ್ನ ಇದೇ ಬ್ಯಾಂಕಿನ ನಮ್ಮ ಉಳಿತಾಯ ಖಾತೆಗೆ ಹಾಕಿದರೆ ಸಾಕು, ಆಗ ಏನು ಬೇಕಾಗುತ್ತೆ?’ ಹಣ ಅದೇ ಹೆಸರಿನ ಖಾತೆಗೆ ಹೋಗುವಾಗ ಅವರ ಭಯವೂ ಕಡಿಮೆ. ಆವತ್ತು ನನಗೆ ಈ ಎರಡೂ ಹೊಳೆಯಲಿಲ್ಲ.

ಡಿಡಿ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ: 5,000 ರೂಪಾಯಿವರೆಗಿನ ಡಿಡಿ ಕಳೆದರೆ, ಹಣ ಕೊಡಬೇಕಾದ ಶಾಖೆಯಿಂದ ಉತ್ತರ ಬರಲಿ ಅಂತ ಕಾಯದೆ, ಕೊಂಡವರಿಂದ ಮುಚ್ಚಳಿಕೆ ಮಾತ್ರ ತಗೊಂಡು ನಕಲು ಡಿಡಿ ಕೊಡಬಹುದು. ಅರ್ಜಿ ಕೊಟ್ಟ ಹದಿನೈದು ದಿನದೊಳಗೆ ನಕಲು ಕೊಡಬೇಕು, ತಡವಾದರೆ ಅಷ್ಟು ದಿನಕ್ಕೆ ಎಫ್‌ಡಿ ದರದಲ್ಲಿ ಬಡ್ಡಿ ಕೊಡಬೇಕು. ಡಿಡಿ ಚಾಲ್ತಿ ಮೂರೇ ತಿಂಗಳು ಅನ್ನೋದನ್ನೂ ನೆನಪಿಡಿ. 20,000 ರೂಪಾಯಿ ಮತ್ತು ಮೇಲ್ಪಟ್ಟ ಡಿಡಿ ಖಾತೆಗೇ ಜಮಾ ಆಗುವ ಹಾಗೆ ಕ್ರಾಸ್ ಆಗಿಯೇ ಬರುತ್ತೆ, ದಾರಿಯಲ್ಲಿ ಸಿಕ್ಕವನು ಅದನ್ನ ಕೌಂಟರಿನಲ್ಲಿ ನಗದು ಮಾಡಿಸಕ್ಕೆ ಆಗಲ್ಲ.

ಹಂಡೆ ಒಲೆಗೆ ಹೋದ ಚೂರುಗಳು

ಈಗ ನಮ್ಮ ಮನೆಯ ನಿಜವಾದ ತಪ್ಪಿಗೆ ಬರ್ತೀನಿ. ರಸೀದಿ ಗೆದ್ದಲು ತಿಂದಿದ್ದಲ್ಲ ತಪ್ಪು. ಮಿಕ್ಕ ಚೂರುಗಳನ್ನ ಸುಟ್ಟಿದ್ದು ತಪ್ಪು.

‘ಕಳೆದುಹೋಗಿದೆ’ ಮತ್ತು ‘ಹಾಳಾಗಿದೆ’ ಇವೆರಡಕ್ಕೂ ತುಂಬಾ ವ್ಯತ್ಯಾಸ ಇದೆ. ಕಳೆದ ಕಾಗದ ಎಲ್ಲೋ ಇರಬಹುದು, ಯಾರದೋ ಕೈಗೆ ಸಿಗಬಹುದು. ಹಾಳಾದ ಕಾಗದದ ಗುರುತು ಸಿಗುವ ತುಂಡನ್ನ ನೀವು ಕೌಂಟರ್ ಮೇಲೆ ಇಟ್ಟರೆ, ಇನ್ನೊಬ್ಬ ಅದೇ ಕಾಗದ ಹಿಡಿದು ಬರುವ ಮಾತೇ ಇಲ್ಲ. ಎರಡು ಸಲ ಕೊಡುವ ಭಯ ಅಲ್ಲಿಗೆ ಮುಗೀತು. ಅಂಚೆ ಕಚೇರಿಯ ಎನ್‌ಎಸ್‌ಸಿ 8ನೇ ಸರಣಿಯ 1989ರ ನಿಯಮಗಳಲ್ಲಿ ಇದನ್ನ ಬಿಡಿಸಿ ಬರೆದಿದ್ದರು: ಸರ್ಟಿಫಿಕೇಟ್ ಕಳೆದರೆ ಮುಚ್ಚಳಿಕೆ ಜೊತೆಗೆ ಜಾಮೀನು ಇಲ್ಲವೇ ಬ್ಯಾಂಕ್ ಗ್ಯಾರಂಟಿ ಬೇಕು. ಆದರೆ ಹರಿದು, ಕೆಟ್ಟುಹೋಗಿದ್ದು ಇದೇ ಮೂಲ ಸರ್ಟಿಫಿಕೇಟ್ ಅಂತ ಗುರುತು ಹಿಡಿಯುವ ಹಾಗಿದ್ದು, ಅದನ್ನ ಒಪ್ಪಿಸಿದರೆ, ಮೊತ್ತ ಎಷ್ಟೇ ಇರಲಿ, ಬಾಂಡೂ ಬೇಡ ಜಾಮೀನೂ ಬೇಡ. ಎಲ್‌ಐಸಿಯೂ ಬೆಂಕಿಗೋ ಮಳೆಗೋ ಸಿಕ್ಕು ಅರ್ಧ ಉಳಿದ ಪಾಲಿಸಿ ಇದ್ದರೆ ಆ ತುಂಡನ್ನೇ ಪುರಾವೆಯಾಗಿ ಅರ್ಜಿ ಜೊತೆ ಕೊಡಿ ಅನ್ನುತ್ತೆ.

ಮ್ಯಾನೇಜರ್ ನಮ್ಮನ್ನ ಕೇಳಿದ ಮೊದಲ ಪ್ರಶ್ನೆಯೇ ಅದು. ‘ನಂಬರ್ ಇರೋ ಚೂರೇನಾದ್ರೂ ಉಳಿದಿದೆಯಾ?’ ಅಪ್ಪ ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಮನೆಗೆ ಬಂದು ಇದನ್ನ ಅಮ್ಮನಿಗೆ ಹೇಳಲಿಲ್ಲ. ಇದನ್ನ ಅವರು ಓದಲ್ಲ ಅನ್ನೋ ಧೈರ್ಯದಲ್ಲಿ ಈಗ ಬರೀತಿದೀನಿ.

ಹಾಗಾಗಿ ಗೆದ್ದಲು, ಇಲಿ, ಮಳೆ, ಬೆಂಕಿ ಏನೇ ಆಗಲಿ, ಚೂರುಗಳನ್ನ ಗುಡಿಸಬೇಡಿ. ಒಂದು ಬಿಳಿ ಹಾಳೆ ಮೇಲೆ ಹರಡಿ, ಮೊಬೈಲಲ್ಲಿ ಫೋಟೋ ತೆಗೀರಿ, ಪ್ಲಾಸ್ಟಿಕ್ ಕವರಿಗೆ ಹಾಕಿ. ಅಂಟಿಸಕ್ಕೆ ಹೋಗಬೇಡಿ. ನಂಬರು, ಹೆಸರು, ಸಹಿ, ಮೊಹರು ಇವುಗಳಲ್ಲಿ ಯಾವುದು ಉಳಿದಿದ್ದರೂ ಅದಕ್ಕೆ ಬೆಲೆ ಇದೆ.

ಚಿಕ್ಕಪ್ಪ ಯಾಕೆ ಒಪ್ಪಲಿಲ್ಲ

ಜಾಮೀನಿಗೆ ನಾನು ಮೊದಲು ಹೋಗಿದ್ದು ಚಿಕ್ಕಪ್ಪನ ಹತ್ತಿರ. ಅಪ್ಪನ ಒಡಹುಟ್ಟಿದ ತಮ್ಮ, ಪಕ್ಕದ ತೋಟ, ನನ್ನನ್ನ ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದವರು. ಫಾರಂ ಕೈಲಿ ಹಿಡ್ಕೊಂಡು ಓದಿದರು, ಮಡಿಸಿ ವಾಪಸ್ ಕೊಟ್ಟರು. ‘ಬೇಕಾದ್ರೆ ಇಪ್ಪತ್ತು ಸಾವಿರ ಕೈಗಡ ಕೊಡ್ತೀನಿ ಕಣೋ. ಜಾಮೀನು ಮಾತ್ರ ಕೇಳಬೇಡ.’ ಹತ್ತು ವರ್ಷದ ಹಿಂದೆ ಯಾರದೋ ಟ್ರ್ಯಾಕ್ಟರ್ ಸಾಲಕ್ಕೆ ಸಹಿ ಹಾಕಿ, ನಾಲ್ಕು ವರ್ಷ ನೋಟಿಸ್ ತಗೊಂಡವರು ಅವರು. ನನಗೆ ಆವತ್ತು ಸಂಕಟ ಆಯ್ತು, ಸಿಟ್ಟೂ ಬಂತು. ಅಣ್ಣನ ಮಗಳ ಮದುವೆ, ಒಂದು ಸಹಿ, ಅದಕ್ಕೂ ಇಲ್ಲ ಅಂದರಲ್ಲ ಅಂತ.

ರಾತ್ರಿ ಕೂತು ಆ ಫಾರಂ ನಾನೇ ಓದಿದೆ, ಮೊದಲ ಸಲ. ಓದಿದ ಮೇಲೆ ಚಿಕ್ಕಪ್ಪನ ಮೇಲಿನ ಸಿಟ್ಟು ಇಳಿಯಿತು.

ಮೊತ್ತದ ಜಾಗ ಖಾಲಿ ಇತ್ತು. ಎಫ್‌ಡಿ ನಂಬರಿನ ಜಾಗವೂ ಖಾಲಿ. ‘ನಾವೆಲ್ಲರೂ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ’ ಅಂತ ಒಂದು ಸಾಲು. ಈ ಮಾತಿನ ಅರ್ಥ ಏನು ಗೊತ್ತಾ? ನಾಲ್ಕು ಜನ ಸಹಿ ಹಾಕಿದರೆ ತಲಾ ಕಾಲು ಭಾಗದ ಹೊಣೆ ಅಂತ ಅಲ್ಲ. ನಾಲ್ವರಲ್ಲಿ ಯಾರನ್ನ ಬೇಕಾದರೂ ಹಿಡಿದು ಪೂರ್ತಿ ಮೊತ್ತ ಕೇಳಬಹುದು ಅಂತ. ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಬಾಂಡಿನಲ್ಲೇ ಬೇರೆ ರೀತಿ ಬರೆದಿಲ್ಲದಿದ್ದರೆ, ಜಾಮೀನುದಾರನ ಹೊಣೆ ಮೂಲ ಹೊಣೆಗಾರನಷ್ಟೇ. ಮೊದಲು ಅವನನ್ನ ಹಿಡೀರಿ, ಆಗದಿದ್ದರೆ ನನ್ನ ಹತ್ರ ಬನ್ನಿ ಅಂತ ಜಾಮೀನುದಾರ ಹೇಳಕ್ಕೂ ಆಗಲ್ಲ. 1968ರಲ್ಲೇ ಸುಪ್ರೀಂ ಕೋರ್ಟ್ ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ಇದನ್ನ ಖಡಾಖಂಡಿತವಾಗಿ ಹೇಳಿದೆ. ‘ನಮ್ಮ ವಾರಸುದಾರರೂ ಬದ್ಧರು’ ಅಂತ ಇನ್ನೊಂದು ಸಾಲು. ಸಹಿ ಹಾಕಿದವನು ಸತ್ತರೂ ಅವನು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಹೊಣೆ ಉಳಿಯುತ್ತೆ.

ಕೊನೆಗೆ, ಯಾವತ್ತಿನವರೆಗೆ ಅನ್ನೋ ದಿನಾಂಕವೇ ಇರಲಿಲ್ಲ. ಸಹಿ ಹಾಕಿ ಮೂರು ವರ್ಷ ಆದ ಮೇಲೆ ಕೇಸ್ ನಿಲ್ಲಲ್ಲ ಅಂತ ನಮ್ಮೂರ ಕಟ್ಟೆ ಮೇಲೆ ಹೇಳ್ತಾರೆ. ಅದು ತಪ್ಪು. ನಷ್ಟಭರ್ತಿ ಮುಚ್ಚಳಿಕೆಯಲ್ಲಿ ಕಾಲಮಿತಿಯ ಮೂರು ವರ್ಷ ಎಣಿಸೋದು ಸಹಿ ಹಾಕಿದ ದಿನದಿಂದ ಅಲ್ಲ, ಎದುರಿನವರಿಗೆ ನಿಜವಾಗಿ ನಷ್ಟ ಆದ ದಿನದಿಂದ.

ಇಷ್ಟು ಓದಿದರೆ ಯಾರೂ ಸಹಿ ಹಾಕಲ್ಲ ಅನ್ನಿಸುತ್ತೆ. ಆದರೆ ಕಾಗದದ ಮೇಲಿನ ಹೊಣೆ ಎಷ್ಟು, ನಿಜವಾಗಿ ಆಗಬಹುದಾದ ಅಪಾಯ ಎಷ್ಟು ಅನ್ನೋದನ್ನ ಬೇರೆ ಬೇರೆ ತೂಗಿ ನೋಡಬೇಕು. ನಮ್ಮ ರಸೀದಿ ವರ್ಗಾಯಿಸಕ್ಕೆ ಬರದೇ ಇದ್ದದ್ದು, ಎಲ್ಲೂ ಒತ್ತೆ ಇಟ್ಟಿರಲಿಲ್ಲ, ನನ್ನ ಕಣ್ಣೆದುರೇ ಗೆದ್ದಲು ತಿಂದಿತ್ತು. ಇನ್ನೊಬ್ಬ ಅದನ್ನ ಹಿಡಿದು ಬರುವ ಸಾಧ್ಯತೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಪಾಯ ಇದ್ದದ್ದು ಆ ಖಾಲಿ ಜಾಗಗಳಲ್ಲಿ. ಮೊತ್ತ, ನಂಬರು ಇಲ್ಲದ ಬಾಂಡಿಗೆ ಸಹಿ ಹಾಕಿದರೆ ನಾಳೆ ಅದರಲ್ಲಿ ಏನು ಬೇಕಾದರೂ ತುಂಬಬಹುದು.

ಮರುದಿನ ಬ್ಯಾಂಕಿಗೆ ಹೋಗಿ ‘ನಿಮ್ಮ ನಮೂನೆಯ ಒಂದಕ್ಷರ ಬದಲಾಯಿಸಿ ಅಂತ ಕೇಳಲ್ಲ. ಖಾಲಿ ಜಾಗಗಳನ್ನ ಮಾತ್ರ ನಮ್ಮೆದುರೇ ತುಂಬಿ’ ಅಂದೆ. ಎಫ್‌ಡಿ ನಂಬರು, ಇಟ್ಟ ದಿನಾಂಕ, ಅಸಲು, ಅವಧಿ ಮುಗಿದಾಗ ಬರುವ ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ, ಖಾತೆದಾರರ ಹೆಸರು. ಗುಮಾಸ್ತರು ಗೊಣಗಿದರು, ಆದರೂ ತುಂಬಿದರು. ಆ ಹಾಳೆಯನ್ನ ಚಿಕ್ಕಪ್ಪನಿಗೆ ತೋರಿಸಿ ಒಂದೊಂದೇ ಸಾಲು ಓದಿದೆ. ಬಹಳ ಹೊತ್ತು ಸುಮ್ಮನಿದ್ದು, ‘ಇದು ಈ ಒಂದು ರಸೀದಿಗೆ ಮಾತ್ರ ತಾನೇ?’ ಅಂತ ಕೇಳಿದರು. ಹೌದು ಅಂದೆ. ‘ಟ್ರ್ಯಾಕ್ಟರ್ ಸಾಲಕ್ಕೆ ಯಾರೂ ಹಿಂಗೆ ಓದಿ ಹೇಳಿರಲಿಲ್ಲ’ ಅಂದು ಸಹಿ ಹಾಕಿದರು. ಎರಡನೇ ಜಾಮೀನು ಅಪ್ಪನ ಸ್ನೇಹಿತರು, ನಿವೃತ್ತ ಮೇಷ್ಟ್ರು. ಅವರು ಓದದೇ ಹಾಕಕ್ಕೆ ಹೋದರು. ಅವರಿಗೂ ಓದಿಯೇ ಹಾಕಿಸಿದೆ.

ಕೆಲಸ ನಡೆಯುವ ಕ್ರಮ

ಕಾಗದ ಕಳೆದದ್ದು ಗೊತ್ತಾದ ದಿನವೇ ಬ್ಯಾಂಕಿಗೋ ಸೊಸೈಟಿಗೋ ಲಿಖಿತವಾಗಿ ತಿಳಿಸಿ. ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಅರ್ಜಿಯ ಎರಡನೇ ಪ್ರತಿಗೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ‘ಈ ನಂಬರಿನ ಮೇಲೆ ನಮ್ಮ ಒಪ್ಪಿಗೆ ಇಲ್ಲದೆ ಯಾರಿಗೂ ಹಣ ಕೊಡಬೇಡಿ’ ಅಂತ ಅದರಲ್ಲಿ ಬರೆಯಿರಿ. ಈ ಒಂದು ಪ್ರತಿ ಮುಂದೆ ನಿಮ್ಮನ್ನೂ ನಿಮ್ಮ ಜಾಮೀನುದಾರರನ್ನೂ ಕಾಪಾಡುತ್ತೆ. ನೀವು ತಿಳಿಸಿದ ಮೇಲೂ ಅವರು ಬೇರೆಯವರಿಗೆ ಕೊಟ್ಟರೆ ಅದು ಅವರ ಅಜಾಗರೂಕತೆ ಅಂತ ವಾದಿಸಕ್ಕೆ ಕೈಲಿ ಕಾಗದ ಇರುತ್ತೆ.

ಬಸ್ಸಲ್ಲೋ ಸಂತೆಯಲ್ಲೋ ಬಿದ್ದುಹೋಗಿದ್ದರೆ ಪೊಲೀಸ್ ಸ್ವೀಕೃತಿ ಕೇಳುತ್ತಾರೆ. ಅದಕ್ಕೆ ಠಾಣೆಗೆ ಅಲೆಯಬೇಕಾಗಿಲ್ಲ, ಕರ್ನಾಟಕ ರಾಜ್ಯ ಪೊಲೀಸ್ ಆ್ಯಪ್‌ನಲ್ಲಿ ಇ-ಲಾಸ್ಟ್ ಅಂತ ಸೌಲಭ್ಯ ಇದೆ. ಕಾಗದದ ವಿವರ ತುಂಬಿದರೆ ಸ್ವೀಕೃತಿ ಮೊಬೈಲಿಗೇ ಬರುತ್ತೆ. ಕಳ್ಳತನ ಆಗಿದ್ದರೆ ಮಾತ್ರ ಇದು ನಡೆಯಲ್ಲ, ಠಾಣೆಗೇ ಹೋಗಿ ದೂರು ಕೊಡಬೇಕು. ದೊಡ್ಡ ಮೊತ್ತದ ಪಾಲಿಸಿ, ಷೇರು ಪತ್ರಕ್ಕೆ ಪತ್ರಿಕೆಯಲ್ಲಿ ಜಾಹೀರಾತನ್ನೂ ಕೇಳುವುದುಂಟು.

ಸ್ಟಾಂಪ್ ಪೇಪರ್ ವಿಷಯ. ಎಷ್ಟು ಮುಖಬೆಲೆಯದು ಬೇಕು ಅಂತ ಬ್ಯಾಂಕಿನಲ್ಲೇ ಬರೆಸಿಕೊಂಡು ಹೋಗಿ, ಕರ್ನಾಟಕದ ದರಗಳು ಈಚೆಗೆ ಬದಲಾಗಿವೆ, ಹಳೇ ಲೆಕ್ಕ ನಂಬಬೇಡಿ. ನಮ್ಮ ಕಡೆ ಸೌಹಾರ್ದ ಸಹಕಾರಿಗಳಲ್ಲಿ ಇ-ಸ್ಟಾಂಪ್ ಸಿಗುತ್ತೆ. ಮೊದಲನೇ ಪಾರ್ಟಿ ನೀವು, ಎರಡನೇ ಪಾರ್ಟಿ ಬ್ಯಾಂಕಿನ ಶಾಖೆ, ಉದ್ದೇಶ ಇಂಡೆಮ್ನಿಟಿ ಬಾಂಡ್. ನಾನು ಮೊದಲ ಸಲ ಅಫಿಡವಿಟ್ ಅಂತ ಹೇಳಿ ತಗೊಂಡು ಹೋಗಿ, ಅದು ನಡೆಯದೆ ಇನ್ನೊಂದು ತಗೋಬೇಕಾಯ್ತು. ಇನ್ನೊಂದು ಮಾತು: ಇಂಟರ್‌ನೆಟ್ಟಿನಲ್ಲಿ ಸಿಗುವ ನಮೂನೆ ಇಳಿಸಿಕೊಂಡು ಟೈಪ್ ಮಾಡಿಸಬೇಡಿ. ಪ್ರತಿಯೊಂದು ಬ್ಯಾಂಕಿಗೂ ಅದರದೇ ನಮೂನೆ ಇರುತ್ತೆ.

ಸಹಿ ಆದ ಮೇಲೆ ಪೂರ್ತಿ ಬಾಂಡಿನ ಪ್ರತಿಯನ್ನ ನೀವೂ ಇಟ್ಕೊಳ್ಳಿ, ಜಾಮೀನುದಾರರಿಗೂ ಒಂದೊಂದು ಕೊಡಿ. ಹಳೇ ಕಾಗದ ಆಮೇಲೆ ಸಿಕ್ಕರೆ ಅದನ್ನ ಬ್ಯಾಂಕಿಗೆ ಒಪ್ಪಿಸಿ ರಸೀದಿ ತಗೊಳ್ಳಿ, ಬಾಂಡಿನಲ್ಲಿ ಹಾಗೆ ಮಾಡ್ತೀವಿ ಅಂತ ನೀವು ಬರೆದುಕೊಟ್ಟಿರುತ್ತೀರಿ. ನಕಲು ತಗೊಂಡ ಮೇಲೆ ಅಸಲನ್ನೂ ಬಳಸಿದರೆ ಅದು ಮೋಸ, ಕ್ರಿಮಿನಲ್ ಕೇಸು.

ಬ್ಯಾಂಕಿನವರು ಸುಮ್ಮನೆ ಅಲೆದಾಡಿಸಿದರೆ? ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲ ಅನ್ನಿಸಿದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನಲ್ಲೇ ದೂರು ಹಾಕಬಹುದು. ಮಾಹಿತಿಗೆ 14448 ಸಂಖ್ಯೆಗೆ ಫೋನ್ ಮಾಡಬಹುದು, ದೂರಿಗೆ ದುಡ್ಡಿಲ್ಲ. ನಮ್ಮೂರ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು ಇದರಡಿ ಬರಲ್ಲ, ಅವುಗಳ ಮೇಲಿನ ದೂರು ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ.

ಕಾಗದ ಕಳೆದದ್ದು ಬ್ಯಾಂಕಿನವರೇ ಆದರೆ ಲೆಕ್ಕ ಉಲ್ಟಾ. ಮನೆ ಸಾಲದಂಥ ವೈಯಕ್ತಿಕ ಸಾಲ ತೀರಿಸಿದ 30 ದಿನದೊಳಗೆ ಆಸ್ತಿ ಪತ್ರ ವಾಪಸ್ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರಲ್ಲಿ ಹೇಳಿದೆ, ತಮ್ಮ ಕಡೆಯಿಂದ ತಡ ಮಾಡಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಪತ್ರ ಅವರೇ ಕಳೆದಿದ್ದರೆ ನಕಲು ತೆಗೆಸುವ ಖರ್ಚು ಅವರದೇ, ಅದಕ್ಕೆ ಇನ್ನೂ 30 ದಿನ ಅವಕಾಶ ಇದೆ. 2023ರ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ. ಬೆಳೆ ಸಾಲಕ್ಕೆ ಇದನ್ನೇ ಹಿಡಿದು ವಾದಿಸಕ್ಕೆ ಆಗಲ್ಲ, ಆದರೆ ಅವರ ತಪ್ಪಿಗೆ ನಿಮ್ಮಿಂದ ಬಾಂಡ್ ಕೇಳಿದರೆ ಯಾಕೆ ಅಂತ ಪ್ರಶ್ನೆ ಮಾಡಿಯೇ ಮಾಡಿ.

ನಿಮ್ಮನ್ನ ಜಾಮೀನು ಕೇಳಿದಾಗ

ಸ್ವಲ್ಪ ದುಡಿಯಕ್ಕೆ ಶುರು ಮಾಡಿ, ಹೆಸರಲ್ಲಿ ಪಹಣಿ ಬಂತು ಅಂದರೆ ನಿಮ್ಮ ಮನೆ ಬಾಗಿಲಿಗೂ ಜನ ಬರ್ತಾರೆ. ಹೋದ ದೀಪಾವಳಿಗೆ ಮುಂಚೆ ನಮ್ಮ ಬೀದಿಯ ಹುಡುಗನೊಬ್ಬ ಬಂದ. ಹೆಂಡತಿಯ ಸರ ಅಡ ಇಟ್ಟು ಸಾಲ ತಗೊಂಡಿದ್ದ, ಸಾಲ ತೀರಿಸಿದ್ದ, ಚೀಟಿ ಕಳೆದಿತ್ತು. ‘ಅಣ್ಣ, ಒಂದು ಸಹಿ.’ ಅವನ ಫಾರಂನಲ್ಲೂ ಮೊತ್ತದ ಜಾಗ ಖಾಲಿ, ಸರದ ತೂಕ ಬರೆದಿಲ್ಲ, ಸಾಲದ ನಂಬರಿಲ್ಲ. ತುಂಬಿಸ್ಕೊಂಡು ಬಾ, ಹಾಕ್ತೀನಿ ಅಂದೆ. ಅವನ ಮುಖ ಸಣ್ಣದಾಯಿತು. ಚಿಕ್ಕಪ್ಪನ ಮುಂದೆ ಫಾರಂ ಹಿಡ್ಕೊಂಡು ನಿಂತಾಗ ನನ್ನ ಮುಖವೂ ಹಾಗೇ ಆಗಿತ್ತು ಅಂತ ನೆನಪಾಯ್ತು. ಕೂರಿಸಿ, ಕಾಫಿ ಕೊಟ್ಟು, ಯಾಕೆ ಅಂತ ಹೇಳಿದೆ. ಒಪ್ಪಿಕೊಂಡು ಹೋದ. ಎರಡು ದಿನ ಬಿಟ್ಟು ಫೋನ್ ಮಾಡಿ ನಗ್ತಿದ್ದ, ಚೀಟಿ ಸ್ಕೂಟರ್ ಡಿಕ್ಕಿಯಲ್ಲಿ ಇನ್ಶೂರೆನ್ಸ್ ಕಾಗದದ ಒಳಗೆ ಇತ್ತಂತೆ.

ಜಾಮೀನು ನಿಲ್ಲುವ ಮುಂಚೆ ಮೂರು ಪ್ರಶ್ನೆ ಕೇಳಿ. ಕಳೆದ ಕಾಗದ ಇನ್ನೊಬ್ಬರ ಕೈಗೆ ಸಿಕ್ಕರೆ ಅದರಿಂದ ಹಣವೋ ಮಾಲೋ ಬಿಡಿಸಕ್ಕೆ ಆಗುತ್ತಾ? ಬಾಂಡ್ ಈ ಒಂದು ಕಾಗದಕ್ಕೆ, ಇಷ್ಟೇ ಮೊತ್ತಕ್ಕೆ ಅಂತ ಬರೆದಿದೆಯಾ? ಅಷ್ಟೂ ಮೊತ್ತ ಒಂದು ವೇಳೆ ನಾನೇ ಕಟ್ಟಬೇಕಾಗಿ ಬಂದರೆ ಮನೆ ನಡೆಯುತ್ತಾ? ಮೂರನೆಯದಕ್ಕೆ ಉತ್ತರ ಇಲ್ಲ ಅಂತಾದರೆ ಸಂಬಂಧ ಎಷ್ಟೇ ಹತ್ತಿರದ್ದಾಗಲಿ ಬೇಡ ಅನ್ನಿ. ಬೇಡ ಅಂದವರ ಮೇಲೆ ಸಿಟ್ಟಾಗಬೇಡಿ. ಕಟ್ಟಲೇಬೇಕಾಗಿ ಬಂದು ಕಟ್ಟಿದರೆ, ಅದನ್ನ ಮೂಲ ಹೊಣೆಗಾರನಿಂದ ವಸೂಲಿ ಮಾಡುವ ಹಕ್ಕು 145ನೇ ಕಲಮಿನಲ್ಲಿದೆ. ಅವನ ಹತ್ತಿರ ಇದ್ದರೆ ತಾನೇ ವಸೂಲಿ, ಅದು ಬೇರೆ ಮಾತು.

ಬಾಂಡಿನ ಗೊಡವೆಯೇ ಬೇಡ ಅಂದರೆ ಕಾಗದವನ್ನೇ ಕಡಿಮೆ ಮಾಡ್ಕೊಳ್ಳಬೇಕು. ಹೊಸ ಎಫ್‌ಡಿಯನ್ನ ಆ್ಯಪ್‌ನಲ್ಲೇ ಇಡಿ. ಎನ್‌ಎಸ್‌ಸಿ, ಕೆವಿಪಿಗೆ 2016ರಿಂದ ಅಚ್ಚಾದ ಸರ್ಟಿಫಿಕೇಟೇ ಇಲ್ಲ. ಉಗ್ರಾಣ ಅಭಿವೃದ್ಧಿ ಮತ್ತು ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಣಿ ಆದ ಉಗ್ರಾಣದಲ್ಲಿ ಮಾಲು ಇಟ್ಟರೆ 2017ರಲ್ಲಿ ಶುರುವಾದ ಎಲೆಕ್ಟ್ರಾನಿಕ್ ರಸೀದಿ ಸಿಗುತ್ತೆ. ಅದು ನಿಮ್ಮ ಖಾತೆಯಲ್ಲಿ ಡಿಮ್ಯಾಟ್ ಷೇರಿನ ಹಾಗೆ ಕೂತಿರುತ್ತೆ, ಅದರ ಮೇಲೆ ಸಾಲವೂ ತಗೋಬಹುದು, ಗೆದ್ದಲು ತಿನ್ನಕ್ಕೆ ಅಲ್ಲಿ ಏನೂ ಇಲ್ಲ. ಹಳೇ ಕಾಗದ ಇದ್ದರೆ ಇವತ್ತು ರಾತ್ರಿ ಊಟ ಆದ ಮೇಲೆ ಅಪ್ಪ ಅಮ್ಮನ ಜೊತೆ ಕೂತು ಒಂದೊಂದರದ್ದೂ ಎರಡೂ ಕಡೆ ಫೋಟೋ ತೆಗೀರಿ. ಫೋಟೋ ಅಸಲಿನ ಬದಲಿಗೆ ಬರಲ್ಲ ನಿಜ, ಆದರೆ ನಂಬರು ಗೊತ್ತಿದ್ದರೆ ಅರ್ಧ ಅಲೆದಾಟ ಉಳಿಯುತ್ತೆ. ಫೋಟೋಗಳನ್ನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ.

ನಮ್ಮ ಎಫ್‌ಡಿ ಹಣ ಅವಧಿ ಮುಗಿದು ನಾಲ್ಕು ದಿನಕ್ಕೆ ಬಂತು. ಛತ್ರದವರಿಗೆ ಎರಡು ದಿನ ತಡವಾಗಿ ಕೊಟ್ಟೆವು, ಅವರೇನೂ ಅನ್ನಲಿಲ್ಲ. ತಂಗಿ ಮದುವೆಯಲ್ಲಿ ಧಾರೆಗೆ ಚಿಕ್ಕಪ್ಪನೇ ಮುಂದೆ ನಿಂತಿದ್ದರು. ಬಾಂಡಿನ ಅವರ ಪ್ರತಿ ಈಗಲೂ ಅವರ ಬೀರುವಿನಲ್ಲಿದೆ, ಪ್ಲಾಸ್ಟಿಕ್ ಕವರಿನಲ್ಲಿ. ಬೀರು ಗೋಡೆಯಿಂದ ನಾಲ್ಕು ಇಂಚು ಈಚೆಗಿದೆ.

ಮುಂದಿನ ವಾರ ತೋಟಕ್ಕೆ ವಾಪಸ್: ತೆಂಗಿನ ಕಪ್ಪುತಲೆ ಹುಳುವಿಗೆ ಪರೋಪಜೀವಿ ಬಿಡುವುದು ಯಾವಾಗ, ಎಷ್ಟು.